ಗುಂಡಿನ ಆಯ್ಕೆ ಮತ್ತು ಕೊಲ್ಲುವವನ ಹೊಣೆ

ಕೊಲ್ಲುವುದು ಸರಿಯೋ ತಪ್ಪೋ ಎಂಬ ಪ್ರಶ್ನೆ ಬಹಳ ಹಳೆಯದು. ಧರ್ಮಗಳೂ ದಾರ್ಶನಿಕರೂ ಕವಿಗಳೂ ಅದರ ಬಗ್ಗೆ ಸಾಕಷ್ಟು ಹೇಳಿದ್ದಾರೆ. ಆದರೆ ಕೊಲ್ಲುವುದೆಂದು ತೀರ್ಮಾನವಾದ ಮೇಲೆ ಹೇಗೆ ಕೊಲ್ಲಬೇಕು ಎಂಬ ಪ್ರಶ್ನೆಯನ್ನು ನಾವು ಕಸುಬುದಾರರಿಗೆ ಬಿಟ್ಟು ಸುಮ್ಮನಾಗುತ್ತೇವೆ. ಚೂರಿಯ ಮಾತು ಮಾಂಸದ ಅಂಗಡಿಯವನಿಗೆ, ಗುಂಡಿನ ಮಾತು ಬೇಟೆಗಾರನಿಗೆ ಎಂದು ನಮ್ಮ ಲೆಕ್ಕ. ನೀತಿಯ ಮಾತೆಲ್ಲ ಮೊದಲ ಪ್ರಶ್ನೆಗೇ ಮುಗಿಯಿತು, ಎರಡನೆಯದು ಬರೀ ತಂತ್ರಜ್ಞಾನ ಎಂದು ನಾವು ನಂಬಿದ್ದೇವೆ. ಈ ನಂಬಿಕೆ ಎಷ್ಟು ಸರಿ ಎಂದು ನೋಡಲು ದೊಡ್ಡ ಪ್ರಾಣಿಗಳ ಬೇಟೆಗೆ ರೈಫಲ್ ಗುಂಡನ್ನು ಆರಿಸುವ ವಿಷಯ ಒಳ್ಳೆಯ ಉದಾಹರಣೆ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಬಾಗಿಲು ಒಂದೊಂದಾಗಿ ಮುಚ್ಚುತ್ತಾ ಬಂದಿದೆ. ಹಾಗಿದ್ದ ಮೇಲೆ ಕನ್ನಡದ ಓದುಗರಿಗೆ ಇದರ ಗೊಡವೆ ಏಕೆ ಎಂದು ಯಾರಾದರೂ ಕೇಳಬಹುದು. ಕೆನೆತ್ ಆಂಡರ್ಸನ್‌ರ ಕಾಡಿನ ಕಥೆಗಳನ್ನೂ ಜಿಮ್ ಕಾರ್ಬೆಟ್‌ರ ರುದ್ರಪ್ರಯಾಗದ ನರಭಕ್ಷಕನನ್ನೂ ಪೂರ್ಣಚಂದ್ರ ತೇಜಸ್ವಿಯವರ ಕನ್ನಡದಲ್ಲಿ ಓದಿ ಬೆಳೆದವರು ನಾವು. ಮಲೆನಾಡಿನಲ್ಲಿ ಇಂದಿಗೂ ‘ಶಿಕಾರಿ’ ಎಂದರೆ ಬೇಟೆ. ಅದು ಬಂದ ಉರ್ದುವಿನಲ್ಲಿ ಶಿಕಾರಿ ಎಂದರೆ ಬೇಟೆಗಾರ, ಬೇಟೆಗೆ ‘ಶಿಕಾರ್’ ಎನ್ನುತ್ತಾರೆ. ಆ ಭಾಷೆಯಲ್ಲಿ ಬೇಟೆಯಾಡುವ ಕೆಲಸಕ್ಕೂ ಬೇಟೆಗೆ ಬಲಿಯಾದ ಜೀವಕ್ಕೂ ‘ಶಿಕಾರ್’ ಎಂಬ ಒಂದೇ ಪದ. ಮೋಸಕ್ಕೋ ಕಾಯಿಲೆಗೋ ಬಲಿಯಾದ ಮನುಷ್ಯನನ್ನೂ ಹಾಗೆಯೇ ಕರೆಯುತ್ತಾರೆ. ಹೊಡೆಯುವವನ ಕೆಲಸದ ಜೊತೆಗೆ ಹೊಡೆತ ತಿನ್ನುವವನನ್ನೂ ನೆನಪಿಸುವ ಪದ ಅದು. ನಾವು ಇಲ್ಲಿ ಕೇಳಬೇಕೆಂದಿರುವ ಪ್ರಶ್ನೆಗೂ ಆ ಎರಡು ಮುಖಗಳಿವೆ.

ಮೊದಲು ವಿಷಯವನ್ನು ತಿಳಿದುಕೊಳ್ಳೋಣ. ನಾವು ಆಡುಮಾತಿನಲ್ಲಿ ತೋಟಾ ಎನ್ನುವುದು ಇಡೀ ಸಾಮಾನು: ಹಿತ್ತಾಳೆಯ ಕೊಳವೆ, ಅದರೊಳಗಿನ ಮದ್ದು, ಬುಡದಲ್ಲಿ ಕಿಡಿ ಹಚ್ಚುವ ಟೋಪಿ. ಗುಂಡು ಎಂದರೆ ಅದರ ತುದಿಯಲ್ಲಿ ಕುಳಿತಿದ್ದು ಹಾರಿಹೋಗುವ ಲೋಹದ ತುಂಡು ಮಾತ್ರ. ದೊಡ್ಡ ಜಿಂಕೆಗಳಿಗೆ ಬಳಸುವ ಸಾಮಾನ್ಯ ಗುಂಡೊಂದು ಹತ್ತು ಹನ್ನೆರಡು ಗ್ರಾಂ ತೂಗುತ್ತದೆ. ಅದು ಪ್ರಾಣಿಯ ಮೈಯೊಳಗೆ ಎರಡು ಕೆಲಸ ಮಾಡಬೇಕು. ಚರ್ಮ, ಮಾಂಸ, ಕೆಲವೊಮ್ಮೆ ಮೂಳೆಯನ್ನೂ ಭೇದಿಸಿ ಹೃದಯ ಮತ್ತು ಶ್ವಾಸಕೋಶದವರೆಗೆ ತಲುಪಬೇಕು. ತಲುಪಿದ ಮೇಲೆ ಅಣಬೆಯಂತೆ ಅರಳಿ ಅಗಲವಾದ ಗಾಯ ಮಾಡಬೇಕು. ಹಾಗಾದರೆ ರಕ್ತ ಬೇಗ ಹರಿದುಹೋಗಿ ಮಿದುಳಿಗೆ ಆಮ್ಲಜನಕ ನಿಂತು ಪ್ರಾಣಿ ಕೆಲವೇ ಕ್ಷಣಗಳಲ್ಲಿ ಪ್ರಜ್ಞೆ ಕಳೆದುಕೊಳ್ಳುತ್ತದೆ. ತೊಂದರೆ ಏನೆಂದರೆ ಈ ಎರಡು ಗುಣಗಳು ಒಂದಕ್ಕೊಂದು ವಿರುದ್ಧ. ಬೇಗ ಅರಳುವ ಗುಂಡು ಆಳಕ್ಕೆ ಹೋಗುವ ಮೊದಲೇ ಚೂರಾಗಬಹುದು. ಅರಳದ ಗುಂಡು ಸೂಜಿಯಂತೆ ಒಳಹೊಕ್ಕು ಆಚೆ ಕಡೆಯಿಂದ ಹೊರಟುಹೋಗಬಹುದು. ಎರಡರಲ್ಲೂ ಪ್ರಾಣಿ ಸಾಯುತ್ತದೆ, ಆದರೆ ಗಂಟೆಗಳ ಅಥವಾ ದಿನಗಳ ನಂತರ, ಯಾವುದೋ ಪೊದೆಯ ಮರೆಯಲ್ಲಿ.

1946ರಲ್ಲಿ ಅಮೆರಿಕದ ಜಾನ್ ನೋಸ್ಲರ್ ಎಂಬವರು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಎಂಬ ಭಾರೀ ಕಡವೆಗೆ ಗುರಿಯಿಟ್ಟರು. ಪ್ರಾಣಿಯ ಮೈಮೇಲೆ ಕೆಸರು ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಅವರ ಕೈಯಲ್ಲಿದ್ದದ್ದು ವೇಗದ ರೈಫಲ್. ಗುಂಡುಗಳು ಗುರಿಗೆ ಬಡಿದರೂ ಮೇಲ್ಮೈಯಲ್ಲೇ ಒಡೆದುಹೋಗಿ ಒಳಕ್ಕೆ ಇಳಿಯಲಿಲ್ಲ. ನೋಸ್ಲರ್ ಊರಿಗೆ ಮರಳಿ ಹೊಸ ಬಗೆಯ ಗುಂಡೊಂದನ್ನು ರೂಪಿಸಿದರು. ಅದರ ನಡುವೆ ತಾಮ್ರದ ಅಡ್ಡಗೋಡೆ ಇತ್ತು. ಮುಂದಿನ ಅರ್ಧದ ಸೀಸ ಅರಳುತ್ತದೆ, ಹಿಂದಿನ ಅರ್ಧ ಗಟ್ಟಿಯಾಗಿ ಉಳಿದು ಆಳಕ್ಕೆ ನುಗ್ಗುತ್ತದೆ. ಇದೇ ‘ಪಾರ್ಟಿಷನ್’ ಗುಂಡು. 1948ರಿಂದ ಅದು ಮಾರಾಟಕ್ಕೆ ಬಂದು ಇಂದಿಗೂ ಬಳಕೆಯಲ್ಲಿದೆ. ಈ ಕಥೆಯನ್ನು ಒಂದು ಉದ್ಯಮದ ಯಶಸ್ಸಿನ ಕಥೆ ಎಂದು ಹೇಳುವವರೇ ಹೆಚ್ಚು. ನಮಗೆ ಅದರಲ್ಲಿ ಬೇರೊಂದು ಮಾತು ಕಾಣುತ್ತದೆ. ಗುರಿ ಸರಿಯಾಗಿದ್ದರೂ ಸಾಧನ ಕೈಕೊಟ್ಟರೆ ನೋವು ಪ್ರಾಣಿಯ ಪಾಲಿಗೆ ಬರುತ್ತದೆ. ಆ ನೋವಿನ ಹೊಣೆ ಕಾಡಿನಲ್ಲಿ ಕುದುರೆ ಎಳೆದ ಕ್ಷಣದ್ದಲ್ಲ. ಅಂಗಡಿಯಲ್ಲಿ ಗುಂಡು ಆರಿಸಿದ ನೆಮ್ಮದಿಯ ಗಳಿಗೆಯದು. ಆವೇಶವೂ ಅವಸರವೂ ಇಲ್ಲದ ಹೊತ್ತಿನಲ್ಲಿ ಮಾಡಿದ ಆಯ್ಕೆಗೆ ಮನುಷ್ಯ ಹೆಚ್ಚು ಜವಾಬ್ದಾರನಲ್ಲವೆ?

ಇದಕ್ಕೆ ವಿರುದ್ಧವೆಂದು ತೋರುವ ಉದಾಹರಣೆಯೂ ಇದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಫ್ರಿಕದಲ್ಲಿ ದಂತಕ್ಕಾಗಿ ಬೇಟೆಯಾಡಿದ ಸ್ಕಾಟ್ಲೆಂಡಿನ ಡಬ್ಲ್ಯು.ಡಿ.ಎಂ. ಬೆಲ್ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದ. ಅವುಗಳಲ್ಲಿ ಬಹುಪಾಲನ್ನು ಕೇವಲ 7 ಮಿಲಿಮೀಟರ್ ಗುಂಡಿನಿಂದ. ಉಳಿದವರು ಭಾರೀ ರೈಫಲ್ ಹೊತ್ತು ತಿರುಗುತ್ತಿದ್ದಾಗ ಇವನಿಗೆ ಅದು ಹೇಗೆ ಸಾಧ್ಯವಾಯಿತು? ಬೆಲ್ ಆನೆಯ ತಲೆಬುರುಡೆಯನ್ನು ಕೊಯ್ದು ಮಿದುಳು ಎಲ್ಲಿದೆ, ಯಾವ ಕೋನದಿಂದ ಅದಕ್ಕೆ ದಾರಿ ಎಂದು ಅಭ್ಯಾಸ ಮಾಡಿದ್ದ. ಅರಳದ, ಉದ್ದನೆಯ, ಗಟ್ಟಿ ಕವಚದ ಗುಂಡನ್ನು ಆರಿಸಿಕೊಂಡಿದ್ದ. ಅಂಥ ಗುಂಡು ದಪ್ಪ ಮೂಳೆಯ ನಡುವೆಯೂ ನೇರ ದಾರಿ ಬಿಡುವುದಿಲ್ಲ. ಆದರೆ ಅವನ ಕೈ, ಅವನ ಕಣ್ಣು, ಅವನ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಇಂದು ಬೇಟೆಗೆ ಅನುಮತಿ ಇರುವ ಆಫ್ರಿಕದ ಹಲವು ದೇಶಗಳಲ್ಲಿ ಅಪಾಯಕಾರಿ ಪ್ರಾಣಿಗಳಿಗೆ 1912ರಲ್ಲಿ ಬಂದ .375 ಅಳತೆಯನ್ನೋ ಅದರ ಆಸುಪಾಸಿನದನ್ನೋ ಕನಿಷ್ಠ ಎಂದು ಕಾನೂನು ಗೊತ್ತುಮಾಡಿದೆ. ಕಾನೂನು ಬೆಲ್‌ನನ್ನು ನೋಡಿ ನಿಯಮ ಮಾಡಲಿಲ್ಲ, ಸಾಮಾನ್ಯ ಬೇಟೆಗಾರನನ್ನು ನೋಡಿ ಮಾಡಿತು. ಇದರಲ್ಲಿ ವಿವೇಕವಿದೆ. ತನ್ನ ಅತ್ಯುತ್ತಮ ದಿನವನ್ನು ನೆನೆದು ಸಾಧನ ಆರಿಸುವವನು ತನ್ನ ಜಂಬವನ್ನು ಪೋಷಿಸುತ್ತಾನೆ. ಕೈ ನಡುಗಿದ, ಗಾಳಿ ಬೀಸಿದ, ಪ್ರಾಣಿ ಅರೆಹೆಜ್ಜೆ ಸರಿದ ದಿನವನ್ನು ನೆನೆದು ಆರಿಸುವವನು ಎದುರಿನ ಜೀವವನ್ನು ಗಣನೆಗೆ ತೆಗೆದುಕೊಳ್ಳುತ್ತಾನೆ.

ಬೆಲ್‌ನ ಕಥೆ ಇನ್ನೊಂದು ಎಚ್ಚರಿಕೆಯನ್ನೂ ಕೊಡುತ್ತದೆ. ನೋವಿಲ್ಲದೆ ಕೊಂದ ಎಂದು ಅವನನ್ನು ಹೊಗಳಬಹುದು. ಆದರೆ ಪಿಯಾನೋ ಕೀಲಿಗೂ ಬಿಲಿಯರ್ಡ್ಸ್ ಚೆಂಡಿಗೂ ಕರಗಿಹೋಗುತ್ತಿದ್ದ ದಂತಕ್ಕಾಗಿ ಸಾವಿರ ಆನೆ ಸತ್ತವು. ಸಾಧನ ಎಷ್ಟೇ ನಿರ್ದೋಷವಾಗಿದ್ದರೂ ಉದ್ದೇಶದ ದೋಷವನ್ನು ತೊಳೆಯಲಾರದು. ಸಾಧನದ ಪ್ರಶ್ನೆ ನೀತಿಯ ಪ್ರಶ್ನೆಯೇ ಹೌದು, ಆದರೆ ಅದೊಂದೇ ನೀತಿಯ ಪ್ರಶ್ನೆಯಲ್ಲ.

ಕೆಟ್ಟ ಹೊಡೆತದ ಲೆಕ್ಕ ಹೊಡೆದವನ ಬಳಿಯೇ ಉಳಿಯುವುದಿಲ್ಲ. 1907ರಲ್ಲಿ ಕಾರ್ಬೆಟ್ ಕುಮಾವೂನಿನ ಚಂಪಾವತದಲ್ಲಿ ಒಂದು ಹೆಣ್ಣು ಹುಲಿಯನ್ನು ಕೊಂದರು. ನೇಪಾಳದಲ್ಲಿ ಮತ್ತು ಕುಮಾವೂನಿನಲ್ಲಿ ಅದು ತಿಂದ ಮನುಷ್ಯರ ಲೆಕ್ಕ 436. ಸತ್ತ ಹುಲಿಯ ಬಾಯಿ ತೆರೆದು ನೋಡಿದಾಗ ಬಲಭಾಗದ ಮೇಲಿನ ಕೋರೆಹಲ್ಲು ಅರ್ಧ ಮುರಿದಿತ್ತು, ಕೆಳಗಿನದು ಬುಡದವರೆಗೆ ಹೋಗಿತ್ತು. ಹಳೆಯ ಗುಂಡೇಟಿನ ಗಾಯ ಅದು. ಕಾಡುಪ್ರಾಣಿಗಳನ್ನು ಹಿಡಿಯಲಾರದೆ ಅದು ಮನುಷ್ಯರ ಕಡೆ ತಿರುಗಿತು ಎಂದು ಕಾರ್ಬೆಟ್ ತೀರ್ಮಾನಿಸಿದರು. ಆ ಗುಂಡು ಹೊಡೆದವನು ಯಾರೋ, ಯಾವ ಬಂದೂಕೋ ಚರಿತ್ರೆಯಲ್ಲಿ ಉಳಿದಿಲ್ಲ. ಅವನು ಗುರಿ ತಪ್ಪಿತೆಂದು ಬೇಸರಪಟ್ಟು ಮನೆಗೆ ಹೋಗಿರಬೇಕು. ಹುಲ್ಲು ಕೊಯ್ಯಲು, ಸೌದೆ ತರಲು ಹೋದ ಹೆಂಗಸರು ಅದರ ಬೆಲೆ ತೆತ್ತರು. ಅರೆಗಾಯ ಮಾಡಿ ಬಿಟ್ಟವನನ್ನು ಯಾವ ನ್ಯಾಯಾಲಯವೂ ಕೊಲೆಗಾರ ಎನ್ನಲಿಲ್ಲ. ಆದರೆ ಆ ಸಾವುಗಳಿಗೂ ಅವನಿಗೂ ಸಂಬಂಧವೇ ಇಲ್ಲ ಎನ್ನಲು ನಮ್ಮ ಮನಸ್ಸು ಒಪ್ಪುತ್ತದೆಯೆ?

ಈಗ ಒಂದು ವಿಚಿತ್ರವನ್ನು ಗಮನಿಸೋಣ. ಇಂಗ್ಲೆಂಡಿನ 1991ರ ಜಿಂಕೆ ಕಾಯ್ದೆಯ ಪ್ರಕಾರ ಜಿಂಕೆಯನ್ನು ಹೊಡೆಯುವ ರೈಫಲ್ ಗುಂಡು ಮೃದು ಮೂತಿಯದ್ದೋ ಟೊಳ್ಳು ಮೂತಿಯದ್ದೋ ಆಗಿರಬೇಕು, ಅಂದರೆ ಒಳಗೆ ಹೋಗಿ ಅರಳುವಂಥದ್ದಾಗಿರಬೇಕು. ಅರಳದ ಗುಂಡು ಬಳಸಿದರೆ ಅಪರಾಧ. ಆದರೆ 1899ರ ಹೇಗ್ ಘೋಷಣೆಯ ಪ್ರಕಾರ ಯುದ್ಧದಲ್ಲಿ ಮನುಷ್ಯನ ಮೇಲೆ ಅರಳುವ ಗುಂಡು ಹಾರಿಸುವುದೇ ಅಪರಾಧ. ಜಿಂಕೆಗೆ ಯಾವುದು ಕಡ್ಡಾಯವೋ ಸೈನಿಕನಿಗೆ ಅದೇ ನಿಷಿದ್ಧ. ಎರಡೂ ನಿಯಮಗಳ ಹಿಂದೆ ಇರುವ ಕಾರಣ ಮಾತ್ರ ಒಂದೇ: ಅನಗತ್ಯ ನೋವು ಕೊಡಬಾರದು.

ಇದು ಮೊದಲಿಗೆ ಗೊಂದಲವೆನಿಸುತ್ತದೆ. ಸ್ವಲ್ಪ ಯೋಚಿಸಿದರೆ ಹಾಗಲ್ಲ. ಯುದ್ಧದಲ್ಲಿ ಸೈನಿಕನನ್ನು ಕಾದಾಟದಿಂದ ಹೊರಗಿಟ್ಟರೆ ಸಾಕು. ಗಾಯಗೊಂಡು ಬಿದ್ದ ಮೇಲೆ ಅವನು ಶತ್ರುವಲ್ಲ, ರೋಗಿ. ಅವನನ್ನು ಎತ್ತಿಕೊಂಡು ಹೋಗುವವರಿದ್ದಾರೆ, ಆಸ್ಪತ್ರೆ ಇದೆ, ಬದುಕಿ ಮನೆಗೆ ಹೋಗುವ ಆಸೆ ಇದೆ. ಹಾಗಾಗಿ ಅವನಿಗೆ ವಾಸಿಯಾಗಬಲ್ಲ ಗಾಯವೇ ಕರುಣೆ. ಗಾಯಗೊಂಡ ಜಿಂಕೆಗೆ ಆಸ್ಪತ್ರೆ ಇಲ್ಲ. ಅದಕ್ಕೆ ಬೇಗ ಬರುವ ಸಾವೇ ಕರುಣೆ. ಗುಂಡು ತನ್ನಷ್ಟಕ್ಕೆ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಹೊಡೆತ ತಿಂದವನಿಗೆ ಮುಂದೆ ಯಾವ ದಾರಿ ಉಳಿದಿದೆ ಎಂಬುದೇ ಅದನ್ನು ತೀರ್ಮಾನಿಸುತ್ತದೆ.

ಆದರೆ ಈ ನಿಯಮದ ಇತಿಹಾಸದಲ್ಲಿ ನಮ್ಮ ದೇಶಕ್ಕೆ ಸಂಬಂಧಿಸಿದ ಕಹಿ ಪುಟವೊಂದಿದೆ. 1895ರ ಚಿತ್ರಾಲ್ ಕದನದಲ್ಲಿ ಬ್ರಿಟಿಷ್ ಸೈನ್ಯದ ಗಟ್ಟಿ ಕವಚದ .303 ಗುಂಡುಗಳು ಗಡಿನಾಡಿನ ಹೋರಾಟಗಾರರ ಮೈಯಲ್ಲಿ ಹಾದುಹೋದರೂ ಅವರು ನುಗ್ಗಿ ಬರುತ್ತಿದ್ದರು ಎಂಬ ದೂರು ಬಂತು. ಆಗ ಕಲ್ಕತ್ತೆಯ ಬಳಿಯ ದಮ್‌ದಮ್ ಮದ್ದಿನ ಕಾರ್ಖಾನೆಯಲ್ಲಿ ಗುಂಡಿನ ಮೂತಿಯ ಕವಚ ತೆಗೆದು ಸೀಸವನ್ನು ಬಯಲು ಮಾಡಲಾಯಿತು. ಅದನ್ನು 1897-98ರ ತಿರಾಹ್ ಕಾರ್ಯಾಚರಣೆಯಲ್ಲಿ ಬಳಸಲಾಯಿತು. ‘ದಮ್‌ದಮ್ ಗುಂಡು’ ಎಂಬ ಹೆಸರು ಜಗತ್ತಿಗೆಲ್ಲ ಪರಿಚಯವಾದದ್ದು ಹೀಗೆ. ಹೇಗ್ ಸಮ್ಮೇಳನದಲ್ಲಿ ಬ್ರಿಟನ್ನಿನ ಪ್ರತಿನಿಧಿ ಸರ್ ಜಾನ್ ಆರ್ಡಾ ಇದನ್ನು ಸಮರ್ಥಿಸಿದರು. ನಾಗರಿಕ ಸೈನಿಕ ಗಾಯಗೊಂಡರೆ ನಿಲ್ಲುತ್ತಾನೆ, ಅನಾಗರಿಕನು ನಿಲ್ಲುವುದಿಲ್ಲ ಎಂಬುದು ಅವರ ವಾದದ ಸಾರ. ಬ್ರಿಟನ್ ಆ ಘೋಷಣೆಗೆ ಸೇರಿಕೊಂಡದ್ದು 1907ರಲ್ಲಿ.

ಈ ವಾದದಲ್ಲಿ ಗುಂಡಿನ ಆಯ್ಕೆಗೂ ಮೊದಲು ಇನ್ನೊಂದು ಆಯ್ಕೆ ನಡೆದುಹೋಗಿತ್ತು. ಎದುರಿಗಿರುವವನು ಯಾರು ಎಂಬ ಆಯ್ಕೆ. ಅವನು ನಮ್ಮಂತೆ ನೋವು ತಿಳಿಯುವವನಲ್ಲ, ಅವನಿಗೆ ಬೇಟೆಯ ಗುಂಡೇ ಸರಿ ಎಂದು ಮೇಜಿನ ಮುಂದೆ ಕುಳಿತವರು ತೀರ್ಮಾನಿಸಿದ್ದರು. ಯಾರ ಮೇಲೆ ಯಾವ ಆಯುಧ ನಡೆಯುತ್ತದೆ ಎಂಬುದನ್ನು ನೋಡಿದರೆ ಆಳುವವರು ಯಾರನ್ನು ಮನುಷ್ಯರ ಲೆಕ್ಕದಿಂದ ಹೊರಗಿಟ್ಟಿದ್ದಾರೆಂದು ತಿಳಿಯುತ್ತದೆ. ಅದಕ್ಕೆ ಬೇರೆ ಸಾಕ್ಷಿ ಬೇಡ.

ಇತ್ತೀಚಿನ ದಶಕಗಳಲ್ಲಿ ಈ ಹೊಣೆಯ ವಲಯ ಇನ್ನೂ ಅಗಲವಾಗಿದೆ. ಬೇಟೆಗುಂಡಿನ ಒಳಗಿನ ಸೀಸ ಅರಳುವಾಗ ಸೂಕ್ಷ್ಮ ಚೂರುಗಳಾಗಿ ಮಾಂಸದಲ್ಲಿ ಚದುರುತ್ತದೆ. ಬೇಟೆಗಾರ ಕಾಡಿನಲ್ಲಿ ಬಿಟ್ಟುಬಂದ ಕರುಳನ್ನು ತಿಂದ ಹದ್ದುಗಳಿಗೆ ವಿಷವೇರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ದೊಡ್ಡ ರಣಹದ್ದು 1982ರ ಹೊತ್ತಿಗೆ ಕೇವಲ 22 ಉಳಿದಿತ್ತು. ಅವುಗಳನ್ನು ಹಿಡಿದು ಸಾಕಿ, ಮರಿ ಮಾಡಿಸಿ, ಮತ್ತೆ ಕಾಡಿಗೆ ಬಿಟ್ಟ ಮೇಲೂ ಸೀಸದಿಂದ ಸಾಯುತ್ತಿದ್ದವು. ಕ್ಯಾಲಿಫೋರ್ನಿಯಾ ರಾಜ್ಯ 2013ರಲ್ಲಿ ಕಾನೂನು ಮಾಡಿ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡನ್ನು ಪೂರ್ತಿ ನಿಷೇಧಿಸಿತು. ಡೆನ್ಮಾರ್ಕ್ 2024ರಲ್ಲಿ ರೈಫಲ್ ಗುಂಡುಗಳಿಗೂ ಅದೇ ನಿಯಮ ತಂದಿತು. ದನಗಳಿಗೆ ಕೊಟ್ಟ ಡಿಕ್ಲೋಫೆನಾಕ್ ಎಂಬ ನೋವಿನ ಔಷಧದಿಂದ ನಮ್ಮ ರಣಹದ್ದುಗಳು ನಾಶವಾದದ್ದು, 2006ರಲ್ಲಿ ಆ ಔಷಧವನ್ನು ಪಶುಗಳಿಗೆ ನಿಷೇಧಿಸಿದ್ದು ನಮಗೆ ಗೊತ್ತಿದೆ. ದನಕ್ಕೆ ಔಷಧ ಕೊಟ್ಟವನ ಮನಸ್ಸಿನಲ್ಲಿ ಹದ್ದು ಇರಲೇ ಇಲ್ಲ. ಗುಂಡು ಹಾರಿಸಿದವನ ಮನಸ್ಸಿನಲ್ಲೂ ಇರಲಿಲ್ಲ.

ಇನ್ನೊಂದು ಘಟನೆ ಹೃದಯಕ್ಕೆ ತಟ್ಟುವಂಥದ್ದು. ಅಮೆರಿಕದಲ್ಲಿ ಬೇಟೆಗಾರರು ಜಿಂಕೆ ಮಾಂಸವನ್ನು ಬಡವರ ಅನ್ನದಾನ ಕೇಂದ್ರಗಳಿಗೆ ಕೊಡುವ ಒಳ್ಳೆಯ ಪದ್ಧತಿಯಿದೆ. 2008ರಲ್ಲಿ ಉತ್ತರ ಡಕೋಟಾ ರಾಜ್ಯದಲ್ಲಿ ಅಂಥ ಮಾಂಸವನ್ನು ಪರೀಕ್ಷಿಸಿದಾಗ ಹಲವು ಪೊಟ್ಟಣಗಳಲ್ಲಿ ಸೀಸದ ಚೂರುಗಳು ಕಂಡವು. ದಾನ ಬಂದ ಮಾಂಸವನ್ನು ಎಸೆಯುವಂತೆ ಅಲ್ಲಿನ ಆರೋಗ್ಯ ಇಲಾಖೆ ಹೇಳಬೇಕಾಯಿತು. ಸೀಸ ಮಕ್ಕಳ ಮಿದುಳಿಗೆ ಎಂಥ ಕೇಡೆಂದು ವೈದ್ಯರಿಗೆಲ್ಲ ಗೊತ್ತು. ಕೊಟ್ಟವರ ಉದ್ದೇಶ ಶುದ್ಧವಾಗಿತ್ತು. ನಮ್ಮಲ್ಲಿ ‘ನೀಯತ್ತು ಚೆನ್ನಾಗಿದ್ದರೆ ಸಾಕು’ ಎನ್ನುವವರಿದ್ದಾರೆ. ನೀಯತ್ತು ಬೇಕು, ಆದರೆ ಸಾಲದು. ತನ್ನ ಕೈಯಿಂದ ಹೊರಟದ್ದು ಎಲ್ಲಿಗೆ ತಲುಪುತ್ತದೆ ಎಂದು ತಿಳಿದುಕೊಳ್ಳುವುದೂ ನೀಯತ್ತಿನ ಭಾಗವೇ. 1989ರಲ್ಲಿ ಪೂರ್ತಿ ತಾಮ್ರದ ಬಾರ್ನ್ಸ್ ಗುಂಡು ಬಂದ ಮೇಲೆ ಬೇಟೆಗಾರನಿಗೆ ಬೇರೆ ದಾರಿ ಇಲ್ಲ ಎನ್ನುವ ನೆಪವೂ ಉಳಿಯಲಿಲ್ಲ. ಅದರ ಬೆಲೆ ಹೆಚ್ಚು ಎಂಬುದು ನಿಜ. ವೇಗ ಕುಂದಿದಾಗ ಅದು ಸರಿಯಾಗಿ ಅರಳುವುದಿಲ್ಲ, ಹಾಗಾಗಿ ದೂರದಿಂದ ಹೊಡೆಯುವ ಆಸೆಯನ್ನು ಬಿಡಬೇಕಾಗುತ್ತದೆ ಎಂಬುದೂ ನಿಜ. ಕೆಲವೊಮ್ಮೆ ಒಳ್ಳೆಯ ಸಾಧನ ನಮ್ಮ ಆಸೆಗೂ ಮಿತಿ ಹಾಕುತ್ತದೆ.

ಇಸ್ಲಾಮಿನ ಧರ್ಮಶಾಸ್ತ್ರಕಾರರು ಈ ಪ್ರಶ್ನೆಯನ್ನು ಕಡೆಗಣಿಸಲಿಲ್ಲ. ಬಲಿಯ ಚೂರಿ ಹರಿತವಾಗಿರಬೇಕು, ಜೀವಕ್ಕೆ ಆದಷ್ಟು ಬೇಗ ಬಿಡುಗಡೆ ಸಿಗಬೇಕು ಎಂಬ ಪ್ರವಾದಿಯವರ ಆದೇಶ ಮುಸ್ಲಿಮರಿಗೆಲ್ಲ ತಿಳಿದದ್ದೇ. ಜೀವವಿರುವ ಪ್ರಾಣಿಯನ್ನು ಗುರಿಯ ಅಭ್ಯಾಸಕ್ಕೆ ನಿಲ್ಲಿಸುವುದನ್ನು ಅವರು ತಡೆದರು. ಬೇಟೆಯ ಈಟಿ ಮೊನೆಯಿಂದ ತಾಗಿದರೆ ಆ ಮಾಂಸ ಸಲ್ಲುತ್ತದೆ, ಅಡ್ಡವಾಗಿ ಬಡಿದು ಸಾಯಿಸಿದ್ದರೆ ಸಲ್ಲದು ಎಂಬ ವಿವರವೂ ಹದೀಸಿನಲ್ಲಿದೆ. ಬಂದೂಕು ಬಂದ ಮೇಲೆ ಈ ಚರ್ಚೆ ಮುಂದುವರಿಯಿತು. ಗುಂಡು ಕತ್ತರಿಸುತ್ತದೆಯೋ, ಜಜ್ಜುತ್ತದೆಯೋ? ಜಜ್ಜುತ್ತದೆ ಎಂದ ಹನಫೀ ವಿದ್ವಾಂಸರು ಬೇಟೆಯ ಪ್ರಾಣಿ ಜೀವಂತವಾಗಿ ಸಿಕ್ಕಿ ಜಿಬಹ್ ಆದರೆ ಮಾತ್ರ ತಿನ್ನಬಹುದು ಎಂದರು. ಭೇದಿಸಿ ರಕ್ತ ಹರಿಸುತ್ತದೆ ಎಂದವರು ಹಾಗೆಯೇ ಸಲ್ಲುತ್ತದೆ ಎಂದರು. ಯಾರ ಅಭಿಪ್ರಾಯ ಸರಿ ಎಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಲೋಹದ ತುಂಡೊಂದರ ಆಕಾರವೂ ದೇವರ ಮುಂದೆ ಉತ್ತರ ಹೇಳಬೇಕಾದ ವಿಷಯ ಎಂದು ಎರಡೂ ಕಡೆಯವರು ಒಪ್ಪಿದ್ದರು. ನಮಗೆ ಮುಖ್ಯವಾದದ್ದು ಅದು.

ಇಲ್ಲಿ ಒಂದು ಆಕ್ಷೇಪ ಬಂದೇ ಬರುತ್ತದೆ. ಕರುಣೆಯ ಗುಂಡು ಎಂಬ ಮಾತೇ ಬೂಟಾಟಿಕೆ, ನಿಜವಾದ ಕರುಣೆ ಇದ್ದವನು ಬಂದೂಕು ಕೆಳಗಿಡುತ್ತಾನೆ ಎಂದು. ಈ ಆಕ್ಷೇಪದಲ್ಲಿ ಬಲವಿದೆ. ಮೋಜಿಗಾಗಿ, ಗೋಡೆಯ ಮೇಲಿನ ಕೊಂಬಿಗಾಗಿ ಕೊಲ್ಲುವವನು ಎಂಥ ಒಳ್ಳೆಯ ಗುಂಡು ಆರಿಸಿದರೂ ನಮಗೆ ಒಪ್ಪಿಗೆಯಿಲ್ಲ. ಆದರೆ ಆಕ್ಷೇಪ ಎತ್ತುವವರಿಗೆ ನಮ್ಮದೂ ಒಂದು ಪ್ರಶ್ನೆ. ಬಂದೂಕು ಕೆಳಗಿಟ್ಟ ಸಮಾಜ ಕೊಲ್ಲುವುದನ್ನು ನಿಲ್ಲಿಸಿದೆಯೆ?

ನಮ್ಮ ಮಲೆನಾಡಿನ, ಕೊಡಗಿನ, ಬಂಡೀಪುರದ ಸುತ್ತಲಿನ ಹೊಲಗಳ ಅಂಚಿಗೆ ಹೋಗಿ ನೋಡಬೇಕು. ಹಂದಿಗೆಂದು ಇಟ್ಟ ಉರುಳಿನಲ್ಲಿ ಚಿರತೆ ಸಿಕ್ಕಿ ಒದ್ದಾಡುತ್ತದೆ. ಬೇಲಿಗೆ ನೇರ ವಿದ್ಯುತ್ ಹರಿಸಿದ ತಂತಿಗೆ ತಾಗಿ ಆನೆ ಬೀಳುತ್ತದೆ, ಕೆಲವೊಮ್ಮೆ ಪಕ್ಕದ ಹೊಲದ ಮನುಷ್ಯನೂ ಬೀಳುತ್ತಾನೆ. ಹಣ್ಣಿನೊಳಗೆ, ಹಿಟ್ಟಿನೊಳಗೆ ಸಿಡಿಮದ್ದು ಇಡುತ್ತಾರೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಬಾಯಿ ಛಿದ್ರವಾದ ಗರ್ಭಿಣಿ ಆನೆಯೊಂದು ನೋವು ತಾಳದೆ ನದಿಯ ನೀರಿನಲ್ಲಿ ನಿಂತು ಸತ್ತದ್ದನ್ನು ದೇಶವೆಲ್ಲ ನೋಡಿತು. ರೈತನ ಸಂಕಟವನ್ನು ನಾವು ಅಲ್ಲಗಳೆಯುತ್ತಿಲ್ಲ. ಒಂದೇ ರಾತ್ರಿಯಲ್ಲಿ ಇಡೀ ವರ್ಷದ ಬೆಳೆ ಹೋದವನಿಗೆ ಕರುಣೆಯ ಪಾಠ ಹೇಳುವುದು ಸುಲಭ. ಪರಿಹಾರದ ಹಣ ಅವನಿಗೆ ಸಕಾಲಕ್ಕೆ ತಲುಪಬೇಕು, ಗಟ್ಟಿ ಬೇಲಿ ಬೇಕು. ಆದರೆ ಉರುಳು, ಕರೆಂಟು, ಸಿಡಿಮದ್ದುಗಳ ಸಮಾನ ಗುಣವನ್ನು ಗಮನಿಸಬೇಕು. ಅವು ಪ್ರಾಣಿಯನ್ನು ಆರಿಸುವುದಿಲ್ಲ. ಇಟ್ಟವನು ಅಲ್ಲಿರುವುದಿಲ್ಲ. ಗಾಯಗೊಂಡದ್ದನ್ನು ಹಿಂಬಾಲಿಸಿ ಹೋಗುವವರಿಲ್ಲ.

ಹಳೆಯ ಬೇಟೆಗಾರರಲ್ಲಿ ಒಳ್ಳೆಯವರು ಒಂದು ನಿಯಮ ಪಾಲಿಸುತ್ತಿದ್ದರು. ಗಾಯಗೊಳಿಸಿದ ಮೇಲೆ ರಕ್ತದ ಜಾಡು ಹಿಡಿದು ಹೋಗಲೇಬೇಕು, ಎದುರಿಗೆ ಹುಲಿಯೇ ಇರಲಿ, ಕತ್ತಲೇ ಆಗಲಿ. ಆಂಡರ್ಸನ್ ಮತ್ತು ಕಾರ್ಬೆಟ್‌ರ ಬರಹಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ಆಫ್ರಿಕದ ಸಫಾರಿಗಳಲ್ಲಿ ಗಾಯಗೊಂಡು ತಪ್ಪಿಸಿಕೊಂಡ ಪ್ರಾಣಿಗೂ ಕೊಂದಷ್ಟೇ ಶುಲ್ಕ ಕಟ್ಟಬೇಕಾಗುತ್ತದೆ. ಆ ಬೇಟೆಯನ್ನು ಮತ್ತೆ ತರಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಆ ನಿಯಮದ ತಿರುಳನ್ನು ಬೇಟೆಯ ಜೊತೆಗೇ ಹೂಳಿಬಿಡಬಾರದು. ಮಾಡಿದ್ದನ್ನು ಮುಗಿಯುವವರೆಗೆ ಕಣ್ಣಾರೆ ನೋಡುವ ಧೈರ್ಯವಿಲ್ಲದವನಿಗೆ ಅದನ್ನು ಆರಂಭಿಸುವ ಹಕ್ಕಿಲ್ಲ.

ಕೊಲ್ಲಬೇಕೆ ಎಂಬ ದೊಡ್ಡ ಪ್ರಶ್ನೆಗೆ ‘ಬೇಡ’ ಎಂಬ ಉತ್ತರ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಕುರ್ಬಾನಿಯ ಚೂರಿ ಹಿಡಿದವನು, ಕೋಳಿ ಅಂಗಡಿಯವನು, ಬೆಳೆ ಕಾಯುವ ರೈತ, ನರಭಕ್ಷಕನನ್ನು ಹುಡುಕಿ ಹೊರಟ ಅರಣ್ಯ ಸಿಬ್ಬಂದಿ, ಗಡಿಯಲ್ಲಿ ನಿಂತ ಸೈನಿಕ, ಇವರಿಗೆಲ್ಲ ‘ಹೌದು’ ಎಂಬ ಉತ್ತರ ಸಿಗುವ ದಿನಗಳಿವೆ. ಅವರು ದುಡಿಯುವುದು ನಮ್ಮ ಪರವಾಗಿಯೇ. ನಮ್ಮ ತಟ್ಟೆಯ ಮಾಂಸ, ನಮ್ಮ ಅಕ್ಕಿ, ನಮ್ಮ ಸುರಕ್ಷತೆ ಅವರ ಕೈಯಿಂದ ಬರುತ್ತದೆ. ಹಾಗಿರುವಾಗ ಅವರ ಕೈಯಲ್ಲಿ ಯಾವ ಚೂರಿ, ಯಾವ ಗುಂಡು, ಯಾವ ತಂತಿ ಇದೆ ಎಂದು ಕೇಳುವುದು ನಮ್ಮ ಕೆಲಸವೂ ಹೌದು. ಕೈ ತೊಳೆದುಕೊಂಡು ‘ಅದು ಅವರ ಕಸುಬು’ ಎಂದರೆ, ನಾವು ಸಾಧನವನ್ನೂ ಆರಿಸದೆ, ಸಾವನ್ನೂ ನೋಡದೆ, ಲಾಭವನ್ನು ಮಾತ್ರ ಪಡೆದವರಾಗುತ್ತೇವೆ.